ಎಲ್ಲವನ್ನೂ ತೆಗೆದ ಮೇಲೆ ಜಾಗ ಉಳಿಯುತ್ತದೆಯೇ?

ಕಪ್ಪುಕುಳಿಯ ಬಗ್ಗೆಯೋ ಗುರುತ್ವ ಅಲೆಗಳ ಬಗ್ಗೆಯೋ ಈ ಅಂಕಣದಲ್ಲಿ ಬರೆದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ಕೇಳುವವರು ಬೇರೆ ಬೇರೆ: ಪಿಯುಸಿ ಹುಡುಗರು, ನಿವೃತ್ತ ಮೇಷ್ಟರು, ಅಂಗಡಿಯ ಗಲ್ಲಾದ ಮೇಲೆ ಕೂತು ಬಿಡುವಾದಾಗ ವಿಜ್ಞಾನದ ಪುಸ್ತಕ ಬಿಡಿಸುವವರು. ಅವರ ಮಾತಿನ ಧಾಟಿಯೂ ಬೇರೆ ಬೇರೆ. ಕೇಳುವುದು ಮಾತ್ರ ಒಂದೇ. ಜಗತ್ತಿನಲ್ಲಿರುವ ಸಕಲವನ್ನೂ, ನಕ್ಷತ್ರ, ಧೂಳು, ಬೆಳಕು ಯಾವುದನ್ನೂ ಬಿಡದೆ ತೆಗೆದುಹಾಕಿದರೆ ಏನು ಉಳಿಯುತ್ತದೆ? ಖಾಲಿ ಜಾಗವೋ, ಜಾಗವೂ ಇಲ್ಲವೋ? ಈ ವಿಷಯದಲ್ಲಿ ಐನ್‌ಸ್ಟೈನ್ ಏನು ಹೇಳಿದ್ದಾರೆ?

ಐನ್‌ಸ್ಟೈನ್ ಹೇಳಿದ್ದು ಎಲ್ಲರಿಗೂ ಸಿಗುವಂತಿದೆ. 1921ರಲ್ಲಿ ಅವರು ಮೊದಲ ಸಲ ಅಮೆರಿಕಕ್ಕೆ ಹೋದಾಗ ಪತ್ರಕರ್ತರು ಮುತ್ತಿಕೊಂಡು, ಸಾಪೇಕ್ಷತೆಯನ್ನು ಒಂದೆರಡು ಮಾತಿನಲ್ಲಿ ಹೇಳಿಬಿಡಿ ಎಂದು ದುಂಬಾಲು ಬಿದ್ದರಂತೆ. ಅವರು ಕೊಟ್ಟ ಉತ್ತರದ ಸಾರ ಇಷ್ಟು: ಜಗತ್ತಿನಿಂದ ವಸ್ತುಗಳೆಲ್ಲ ಮಾಯವಾದರೂ ಕಾಲ ಮತ್ತು ಜಾಗ ಉಳಿಯುತ್ತವೆ ಎಂದು ಹಿಂದೆ ನಂಬಿದ್ದರು, ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ವಸ್ತುಗಳ ಜೊತೆಗೆ ಅವೂ ಮಾಯವಾಗುತ್ತವೆ. ಅಂದಿನಿಂದ ಈ ಮಾತು ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತಲೇ ಇದೆ. ಚೆಂದದ ಮಾತು, ನೆನಪಿನಲ್ಲಿ ಉಳಿಯುವ ಮಾತು. ತೊಂದರೆ ಏನೆಂದರೆ, ಅವರದೇ ಸಮೀಕರಣಗಳು ಅದನ್ನು ಒಪ್ಪುವುದಿಲ್ಲ.

ಇದಕ್ಕೆ ನೇರ ಎದುರಾದ ಚಿತ್ರವೊಂದನ್ನು ನಮ್ಮ ಕಾಲೇಜುಗಳ ವಿಜ್ಞಾನ ಪ್ರದರ್ಶನಗಳಲ್ಲಿ ನೋಡಬಹುದು. ಸುತ್ತಲೂ ಬಿಗಿದು ಕಟ್ಟಿದ ರಬ್ಬರ್ ಹಾಳೆ, ನಡುವೆ ಕಬ್ಬಿಣದ ಗುಂಡು, ಅದರ ಭಾರಕ್ಕೆ ಆದ ತಗ್ಗಿನಲ್ಲಿ ಸುತ್ತು ಹೊಡೆಯುವ ಗೋಲಿ. ಗುಂಡು ಸೂರ್ಯ, ಗೋಲಿ ಭೂಮಿ, ಹಾಳೆಯೇ ದೇಶ–ಕಾಲ. ಅಂಥದೊಂದು ಕಡೆ ವಿದ್ಯಾರ್ಥಿನಿಯೊಬ್ಬಳು, "ಸರ್, ಗುಂಡು ಎತ್ಕೊಂಡ್ರೂ ಹಾಳೆ ಇದ್ದೇ ಇರುತ್ತಲ್ಲ? ಹಾಗಾದ್ರೆ ಜಾಗ ಮೊದಲೇ ಇತ್ತು ಅಂತಾಯ್ತಲ್ವಾ?" ಎಂದು ಕೇಳಿದಳು. ವಿವರಿಸುತ್ತಿದ್ದವರು ನಕ್ಕು ಮುಂದಿನ ಮೇಜಿಗೆ ಹೋದರು. ನಕ್ಕು ಬಿಡುವಂಥ ಪ್ರಶ್ನೆ ಅದಲ್ಲ. ಮುನ್ನೂರು ವರ್ಷಗಳ ಹಿಂದೆ ಯುರೋಪಿನ ಇಬ್ಬರು ಮಹಾ ಮೇಧಾವಿಗಳ ನಡುವೆ ಇದೇ ಪ್ರಶ್ನೆಗೆ ಜಟಾಪಟಿ ನಡೆದಿತ್ತು.

ಒಬ್ಬರು ನ್ಯೂಟನ್. ಜಾಗವೆಂಬುದು ತನ್ನಷ್ಟಕ್ಕೆ ತಾನು ಇರುವಂಥದ್ದು, ವಸ್ತುಗಳು ಅದರೊಳಗೆ ಬಂದು ಕೂರುತ್ತವೆ, ಅಷ್ಟೆ ಎಂಬುದು ಅವರ ನಿಲುವು. ಬರೀ ನಂಬಿಕೆಯಾಗಿದ್ದರೆ ಅದನ್ನು ಪಕ್ಕಕ್ಕಿಡಬಹುದಿತ್ತು. ಆದರೆ 1687ರ 'ಪ್ರಿನ್ಸಿಪಿಯಾ'ದ ಆರಂಭದಲ್ಲೇ ಅವರು ಯಾರು ಬೇಕಾದರೂ ಮನೆಯಲ್ಲಿ ಮಾಡಿ ನೋಡಬಹುದಾದ ಪ್ರಯೋಗವೊಂದನ್ನು ಮುಂದಿಟ್ಟರು. ನೀರು ತುಂಬಿದ ಬಕೆಟ್ಟನ್ನು ಹಗ್ಗಕ್ಕೆ ತೂಗುಹಾಕಿ, ಹಗ್ಗವನ್ನು ಚೆನ್ನಾಗಿ ಹುರಿ ಮಾಡಿ ಬಿಡಿ. ಮೊದಮೊದಲು ಬಕೆಟ್ ಗಿರಗಿರನೆ ತಿರುಗುತ್ತದೆ, ನೀರು ತನಗೂ ಅದಕ್ಕೂ ಸಂಬಂಧವಿಲ್ಲವೆಂಬಂತೆ ಇರುತ್ತದೆ, ಮೇಲ್ಮೈ ಸಮತಟ್ಟು. ಸ್ವಲ್ಪ ಹೊತ್ತಿಗೆ ನೀರೂ ಬಕೆಟ್ಟಿನ ವೇಗಕ್ಕೆ ಬಂದು ಅದರೊಂದಿಗೇ ತಿರುಗುತ್ತದೆ. ಆಗ ಮೇಲ್ಮೈ ನಡುವೆ ತಗ್ಗಿ ಅಂಚಿನಲ್ಲಿ ಏರಿರುತ್ತದೆ. ಈಗ ಯೋಚಿಸಿ. ಬಕೆಟ್ಟಿಗೂ ನೀರಿಗೂ ನಡುವೆ ಚಲನೆಯ ವ್ಯತ್ಯಾಸ ಅತಿ ಹೆಚ್ಚು ಇದ್ದಾಗ ನೀರು ಸಮತಟ್ಟಾಗಿತ್ತು. ವ್ಯತ್ಯಾಸವೇ ಇಲ್ಲವಾದಾಗ ತಗ್ಗಿತು. ಅಂದ ಮೇಲೆ ನೀರಿನ ತಗ್ಗಿಗೆ ಬಕೆಟ್ ಕಾರಣವಲ್ಲ. ನೀರು ತಿರುಗುತ್ತಿರುವುದಂತೂ ನಿಜ. ಆದರೆ ಯಾವುದಕ್ಕೆ ಹೋಲಿಸಿ ತಿರುಗುತ್ತಿದೆ? ಜಾಗಕ್ಕೇ ಹೋಲಿಸಿ ಎಂದರು ನ್ಯೂಟನ್. ಹಾಗಿದ್ದರೆ ಜಾಗ ಒಂದು ಸಾಚಾ ಸಂಗತಿ, ಅದು ನೀರಿನ ಮೇಲ್ಮೈಯನ್ನು ಬಾಗಿಸಬಲ್ಲದು.

ಎದುರಾಳಿ ಜರ್ಮನಿಯ ಲೈಬ್ನಿಟ್ಸ್. 1715 ಮತ್ತು 16ರಲ್ಲಿ ಅವರು ನ್ಯೂಟನ್ನರ ಪರವಾಗಿ ನಿಂತ ಸ್ಯಾಮ್ಯುಯೆಲ್ ಕ್ಲಾರ್ಕ್ ಎಂಬ ಪಾದ್ರಿಯೊಂದಿಗೆ ಪತ್ರಗಳಲ್ಲಿ ವಾದ ಮಾಡಿದರು. ಪತ್ರಗಳು ವೇಲ್ಸಿನ ರಾಜಕುಮಾರಿ ಕ್ಯಾರೊಲಿನ್ ಮೂಲಕ ಅತ್ತಿತ್ತ ಹೋಗುತ್ತಿದ್ದವು. ಲೈಬ್ನಿಟ್ಸ್ ಹೇಳಿದ್ದು: ಜಾಗವೆಂಬ ಪ್ರತ್ಯೇಕ ವಸ್ತುವಿಲ್ಲ, ವಸ್ತುಗಳ ನಡುವಿನ ಸಂಬಂಧಗಳಿಗೆ ನಾವಿಟ್ಟ ಹೆಸರು ಅದು. ವಂಶವೃಕ್ಷದಲ್ಲಿ ಅಣ್ಣ, ತಮ್ಮ, ಅತ್ತೆ, ಸೋದರಮಾವ ಎಂಬ ಸ್ಥಾನಗಳಿವೆ. ಮನುಷ್ಯರೇ ಇಲ್ಲದಿದ್ದರೆ ಆ ಸ್ಥಾನಗಳು ಎಲ್ಲಿರುತ್ತವೆ? ಜಾಗವೂ ಅಷ್ಟೇ. ಅವರ ಇನ್ನೊಂದು ವಾದ ಇನ್ನೂ ಹರಿತ. ಇಡೀ ಬ್ರಹ್ಮಾಂಡವನ್ನು ದೇವರು ಒಂದು ಗಜ ಪಕ್ಕಕ್ಕೆ ಸರಿಸಿ ಇಟ್ಟಿದ್ದರೆ ಏನು ವ್ಯತ್ಯಾಸವಾಗುತ್ತಿತ್ತು? ಯಾರಿಗೂ, ಯಾವ ಉಪಾಯದಿಂದಲೂ ಪತ್ತೆಯಾಗದ ವ್ಯತ್ಯಾಸ ವ್ಯತ್ಯಾಸವೇ ಅಲ್ಲ. ಆದ್ದರಿಂದ ವಸ್ತುಗಳಿಲ್ಲದ ಜಾಗಕ್ಕೆ 'ಇಲ್ಲಿ', 'ಅಲ್ಲಿ' ಎಂಬ ಗುರುತುಗಳೂ ಇಲ್ಲ. 1716ರ ನವೆಂಬರಿನಲ್ಲಿ ಲೈಬ್ನಿಟ್ಸ್ ತೀರಿಕೊಂಡರು, ಪತ್ರಗಳು ನಿಂತವು. ಬಕೆಟ್ಟಿನ ನೀರಿಗೆ ಅವರಿಂದ ಸಮಾಧಾನಕರ ಉತ್ತರ ಬರಲೇ ಇಲ್ಲ.

ನಮ್ಮ ಕಡೆಯವರೂ ಇದನ್ನು ಯೋಚಿಸಿದ್ದರು. ಜೈನ ದರ್ಶನದಲ್ಲಿ ಆಕಾಶ ಆರು ದ್ರವ್ಯಗಳಲ್ಲೊಂದು. ಜೀವ, ಪುದ್ಗಲಗಳೆಲ್ಲ ಇರುವುದು ಲೋಕಾಕಾಶದಲ್ಲಿ. ಅದರಾಚೆಗೆ ಏನೇನೂ ಇಲ್ಲದ ಅಲೋಕಾಕಾಶ. ಅಂದರೆ ವಸ್ತುವಿಲ್ಲದ ಜಾಗ ಇರಬಲ್ಲದು ಎಂಬುದು ಅವರ ಸ್ಪಷ್ಟ ಮತ. ಇದನ್ನು ಬರೆದ ಕೂಡಲೇ 'ಐನ್‌ಸ್ಟೈನ್‌ಗಿಂತ ಮೊದಲೇ ನಮ್ಮವರು ಕಂಡುಕೊಂಡಿದ್ದರು' ಎಂಬ ಪತ್ರಗಳು ಬರುತ್ತವೆ. ದಯವಿಟ್ಟು ಬೇಡ. ಅವರದು ತರ್ಕದ ದಾರಿ, ಭೌತವಿಜ್ಞಾನದ್ದು ಅಳತೆಯ ದಾರಿ. ಎರಡಕ್ಕೂ ಅವುಗಳದೇ ಗೌರವವಿದೆ.

ನ್ಯೂಟನ್ನರ ಬಕೆಟ್ಟಿಗೆ ಉತ್ತರ ಕೊಡಲು ಹೊರಟವರು ಆಸ್ಟ್ರಿಯದ ಅರ್ನ್ಸ್ಟ್ ಮಾಖ್, 1883ರಲ್ಲಿ. ನೀರು ಜಾಗಕ್ಕೆ ಹೋಲಿಸಿ ತಿರುಗುತ್ತಿದೆ ಎನ್ನುವುದೇಕೆ, ದೂರದ ನಕ್ಷತ್ರಗಳಿಗೆ ಹೋಲಿಸಿ ಎನ್ನಬಾರದೇಕೆ ಎಂದು ಅವರು ಕೇಳಿದರು. ತೆಳುವಾದ ಬಕೆಟ್ ನೀರಿನ ಮೇಲೆ ಪ್ರಭಾವ ಬೀರಲಿಲ್ಲ ನಿಜ. ಬಕೆಟ್ಟಿನ ಗೋಡೆ ಹಲವು ಹರದಾರಿ ದಪ್ಪವಿದ್ದಿದ್ದರೆ ಏನಾಗುತ್ತಿತ್ತೆಂದು ಯಾರು ಬಲ್ಲರು? ಬಸ್ಸು ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ಮುಗ್ಗರಿಸುತ್ತೇವಲ್ಲ, ಆ ಜಡತ್ವಕ್ಕೂ ಕಾರಣ ಬ್ರಹ್ಮಾಂಡದಲ್ಲಿ ಹರಡಿರುವ ಒಟ್ಟು ವಸ್ತುವೇ ಇರಬಹುದೆಂಬ ಅರ್ಥ ಈ ಮಾತಿಗೆ ಹೊರಟಿತು. ಯುವಕ ಐನ್‌ಸ್ಟೈನ್ ಮರುಳಾದದ್ದು ಈ ವಿಚಾರಕ್ಕೆ.

1905ರ ವಿಶೇಷ ಸಾಪೇಕ್ಷತೆಯಿಂದ ಈ ವಿಷಯದಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಜಾಗ ಬೇರೆ, ಕಾಲ ಬೇರೆ ಎಂಬುದು ಹೋಯಿತು. 1908ರಲ್ಲಿ ಮಿಂಕೋವ್‌ಸ್ಕಿ ಎರಡನ್ನೂ ಬೆಸೆದರು. ಆದರೆ ಆ ಬೆಸೆದ ದೇಶ–ಕಾಲವೂ ನ್ಯೂಟನ್ನರ ಜಾಗದಂತೆಯೇ ಅಲುಗದೆ ಕೂತಿತ್ತು. ವಸ್ತುಗಳು ಹೇಗೆ ಚಲಿಸಬೇಕೆಂದು ಅದು ಅಪ್ಪಣೆ ಮಾಡುತ್ತದೆ. ವಸ್ತುಗಳು ಅದಕ್ಕೆ ಏನನ್ನೂ ಮಾಡಲಾರವು. ಈ ಏಕಪಕ್ಷೀಯ ವ್ಯವಹಾರ ಐನ್‌ಸ್ಟೈನ್‌ಗೆ ಹಿಡಿಸಲಿಲ್ಲ. 1915ರ ನವೆಂಬರಿನಲ್ಲಿ ಸಿದ್ಧವಾದ ಸಾಮಾನ್ಯ ಸಾಪೇಕ್ಷತೆ ಅದನ್ನು ಸರಿಪಡಿಸಿತು. ಸಮೀಕರಣದ ಒಂದು ಬದಿಗೆ ದೇಶ–ಕಾಲದ ವಕ್ರತೆ, ಇನ್ನೊಂದು ಬದಿಗೆ ವಸ್ತು ಮತ್ತು ಶಕ್ತಿ. ವಸ್ತುವಿನಿಂದ ದೇಶ–ಕಾಲ ಬಾಗುತ್ತದೆ, ಬಾಗಿದ ದೇಶ–ಕಾಲದಲ್ಲಿ ವಸ್ತು ಹಾದಿ ಹಿಡಿಯುತ್ತದೆ. ಇನ್ನೇನು, ಮಾಖ್ ಗೆದ್ದರು, ವಸ್ತುವೇ ಜಾಗವನ್ನು ಪೂರ್ತಿಯಾಗಿ ನಿರ್ಧರಿಸುತ್ತದೆ ಎಂದು ಐನ್‌ಸ್ಟೈನ್ ನಂಬಿದರು. 1918ರಲ್ಲಿ ಆ ನಂಬಿಕೆಗೆ 'ಮಾಖ್ ತತ್ತ್ವ' ಎಂದು ಹೆಸರನ್ನೂ ಇಟ್ಟರು.

ಸಮೀಕರಣ ಮಾತ್ರ ಬೇರೆಯೇ ಹೇಳುತ್ತಿತ್ತು. ನಾಲ್ಕು ಆಯಾಮಗಳ ದೇಶ–ಕಾಲ ಒಂದು ಬಿಂದುವಿನಲ್ಲಿ ಹೇಗೆ ಬಾಗಿದೆ ಎಂದು ಪೂರ್ತಿಯಾಗಿ ಹೇಳಲು 20 ಸಂಖ್ಯೆಗಳು ಬೇಕು. ಆ ಬಿಂದುವಿನಲ್ಲಿರುವ ವಸ್ತುವಿನಿಂದ ನೇರವಾಗಿ ನಿಗದಿಯಾಗುವುದು 10 ಮಾತ್ರ. ಅಲ್ಲಿ ವಸ್ತುವೇ ಇಲ್ಲದಿದ್ದರೆ ಈ 10 ಸೊನ್ನೆಯಾಗುತ್ತವೆ. ಉಳಿದ 10 ಸೊನ್ನೆಯಾಗಲೇಬೇಕೆಂಬ ಕಟ್ಟಳೆ ಇಲ್ಲ. ಹಾಗಾಗದೇ ಇರುವುದು ನಮ್ಮ ಪುಣ್ಯ. ಚಂದ್ರನಿಗೂ ನಮಗೂ ನಡುವಿನ ಬರಿದಾದ ಜಾಗದಲ್ಲಿ ವಕ್ರತೆ ಇರುವುದರಿಂದಲೇ ಅಷ್ಟು ದೂರದ ಚಂದ್ರನಿಂದ ನಮ್ಮ ಕಡಲಿನಲ್ಲಿ ಉಬ್ಬರವಿಳಿತ. ಸರಿ, ಚಂದ್ರನಾದರೂ ಎಲ್ಲೋ ಒಂದು ಕಡೆ ಇದ್ದಾನಲ್ಲ ಎನ್ನಬಹುದು. ಎಲ್ಲೆಲ್ಲಿಯೂ ಏನೂ ಇಲ್ಲದಿದ್ದರೆ?

ಅದಕ್ಕೂ ಉತ್ತರ ಬೇಗನೇ ಬಂತು. 1917ರ ಫೆಬ್ರವರಿಯಲ್ಲಿ ಐನ್‌ಸ್ಟೈನ್ ಬ್ರಹ್ಮಾಂಡಕ್ಕೆಲ್ಲ ಒಪ್ಪುವಂಥ ಒಂದು ಮಾದರಿ ಕಟ್ಟಿದರು. ವಸ್ತುವಿಲ್ಲದ ದೂರದ ಅಂಚು ಎಂಬುದೇ ಇರಬಾರದೆಂದು ಅದನ್ನು ಗೋಳದಂತೆ ಮುಚ್ಚಿದರು, ಅದು ನಿಶ್ಚಲವಾಗಿ ನಿಲ್ಲಲೆಂದು ಸಮೀಕರಣಕ್ಕೆ ಒಂದು ಹೊಸ ಸ್ಥಿರಾಂಕವನ್ನೂ ಸೇರಿಸಿದರು. ಲೈಡನ್ನಿನ ಖಗೋಳ ವಿಜ್ಞಾನಿ ವಿಲ್ಲೆಮ್ ಡಿ ಸಿಟ್ಟರ್ ಕೆಲವೇ ವಾರಗಳಲ್ಲಿ ಅದೇ ಸಮೀಕರಣ, ಅದೇ ಸ್ಥಿರಾಂಕ ಇಟ್ಟುಕೊಂಡು, ವಸ್ತುವಿನ ಜಾಗದಲ್ಲಿ ಸೊನ್ನೆ ಬರೆದು ಮತ್ತೊಂದು ಬ್ರಹ್ಮಾಂಡವನ್ನು ತೋರಿಸಿದರು. ಒಂದು ಕಣವೂ ಇಲ್ಲದ, ಆದರೂ ಬಾಗಿರುವ, ಗಣಿತಕ್ಕೆ ಪೂರ್ತಿ ಒಪ್ಪುವ ಬ್ರಹ್ಮಾಂಡ. ವಸ್ತುವಿಲ್ಲದ ಲೋಕವೊಂದು ಸಾಧ್ಯವಾಗುವುದು ತಮಗೆ ಸಮಾಧಾನ ತರುವುದಿಲ್ಲ ಎಂದು ಐನ್‌ಸ್ಟೈನ್ ಅವರಿಗೆ ಬರೆದರು. ಆಮೇಲೆ ಒಂದು ವರ್ಷ ಅದರಲ್ಲಿ ತಪ್ಪು ಹುಡುಕಿದರು. ಆ ಬ್ರಹ್ಮಾಂಡದ ಅಂಚಿನಂಥ ಒಂದು ಕಡೆ ಲೆಕ್ಕ ಕೈಕೊಡುತ್ತದೆ, ವಸ್ತು ಅಲ್ಲಿ ಅಡಗಿರಬೇಕು ಎಂದು 1918ರಲ್ಲಿ ಪ್ರಕಟಿಸಿದರು. ಗಟ್ಟಿಂಗನ್ನಿನ ಗಣಿತಜ್ಞ ಫೆಲಿಕ್ಸ್ ಕ್ಲೈನ್, ಅದು ಅಳೆಯಲು ಆರಿಸಿಕೊಂಡ ಗೆರೆಗಳ ದೋಷ, ಬ್ರಹ್ಮಾಂಡದ್ದಲ್ಲ ಎಂದು ತೋರಿಸಿಕೊಟ್ಟರು. ಗಣಿತ ಸರಿ ಎಂದು ಐನ್‌ಸ್ಟೈನ್ ಕ್ಲೈನರಿಗೆ ಪತ್ರದಲ್ಲಿ ಒಪ್ಪಿಕೊಂಡರು. ಅದು ಭೌತಿಕವಾಗಿಯೂ ಸಾಧ್ಯವೆಂದು ಮಾತ್ರ ಒಪ್ಪಲಿಲ್ಲ.

ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಇಷ್ಟವಾದದ್ದು ಇದೇ ಪ್ರಸಂಗ. ಸಿದ್ಧಾಂತವನ್ನು ಕಟ್ಟಿದವರು ಒಂದು ಹೇಳುತ್ತಾರೆ, ಸಿದ್ಧಾಂತ ಇನ್ನೊಂದು ಹೇಳುತ್ತದೆ, ನಂಬಬೇಕಾದದ್ದು ಸಿದ್ಧಾಂತವನ್ನು. ಪತ್ರಕರ್ತರಿಗೆ 1921ರಲ್ಲಿ ಕೊಟ್ಟ ಉತ್ತರ ಇದಾದ ಮೂರು ವರ್ಷಕ್ಕೆ ಬಂದದ್ದು ಎಂಬುದನ್ನೂ ಗಮನಿಸಿ. ಅದು ಸಿದ್ಧಾಂತದ ತೀರ್ಪಲ್ಲ, ಕರ್ತೃವಿನ ಹಂಬಲ. 1954ರಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ, ಫೆಲಿಕ್ಸ್ ಪಿರಾನಿ ಎಂಬ ಭೌತವಿಜ್ಞಾನಿಗೆ ಬರೆದ ಪತ್ರದಲ್ಲಿ ಐನ್‌ಸ್ಟೈನ್ ಮಾಖ್ ತತ್ತ್ವದ ಮಾತನ್ನೇ ಇನ್ನು ಆಡಬಾರದು ಎಂದರು. ಇನ್ನೊಂದು ವಿಚಿತ್ರ: ನಮ್ಮ ಬ್ರಹ್ಮಾಂಡದ ಹಿಗ್ಗುವಿಕೆ ವೇಗ ಹೆಚ್ಚಿಸಿಕೊಳ್ಳುತ್ತಿದೆ ಎಂದು 1998ರಲ್ಲಿ ಗೊತ್ತಾಯಿತು. ಅದಕ್ಕೆ ಕಾರಣ ಆ ಸ್ಥಿರಾಂಕವೇ ಆಗಿದ್ದರೆ, ವಸ್ತು ತೆಳುವಾಗುತ್ತಾ ಹೋಗಿ ನಮ್ಮ ಲೋಕ ದೂರದ ಭವಿಷ್ಯದಲ್ಲಿ ಡಿ ಸಿಟ್ಟರರ ಬರಿದು ಬ್ರಹ್ಮಾಂಡದ ಹತ್ತಿರ ಹತ್ತಿರ ಬರುತ್ತದೆ.

ಬರಿದಾದ ಜಾಗ ಇರುವುದಷ್ಟೇ ಅಲ್ಲ, ಅದು ಕಂಪಿಸುತ್ತದೆ ಕೂಡ. ಇಲ್ಲಿ ಬೆಂಗಳೂರಿನವರೊಬ್ಬರನ್ನು ನೆನೆಯಲೇಬೇಕು. ಸಿ.ವಿ. ವಿಶ್ವೇಶ್ವರ, ಗೆಳೆಯರ ಬಾಯಲ್ಲಿ ವಿಶು, ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರು. ತಾರಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋದ ಎಷ್ಟು ಮಂದಿಗೆ ಅವರು ಮಾಡಿದ ಸಂಶೋಧನೆ ಗೊತ್ತಿತ್ತೋ ಕಾಣೆ. ಕಪ್ಪುಕುಳಿ ಎಂಬ ಹೆಸರೇ ಹೊಸದಾಗಿದ್ದ ಕಾಲದಲ್ಲಿ ಅವರು ಅಮೆರಿಕದಲ್ಲಿದ್ದುಕೊಂಡು ಅದರ ಗಣಿತ ಮಾಡುತ್ತಿದ್ದರು. ಕಾರ್ಲ್ ಶ್ವಾರ್ಜ್‌ಶೀಲ್ಡ್ 1916ರಲ್ಲಿ ಪ್ರಕಟಿಸಿದ ಪರಿಹಾರವನ್ನು ಕಪ್ಪುಕುಳಿಯೆಂದು ಓದಿದರೆ, ಸಮೀಕರಣದ ವಸ್ತುವಿನ ಬದಿ ಎಲ್ಲೆಡೆಯೂ ಸೊನ್ನೆ; ಇರುವುದೆಲ್ಲ ಬಾಗಿದ ದೇಶ–ಕಾಲ ಮಾತ್ರ. ಅಂಥದಕ್ಕೆ ಗುರುತ್ವ ಅಲೆಯೊಂದು ಬಡಿದರೆ ಏನಾದೀತು ಎಂದು ವಿಶ್ವೇಶ್ವರ ಲೆಕ್ಕ ಹಾಕಿದರು. ಅದು ತನ್ನದೇ ಸ್ವರದಲ್ಲಿ ಕಂಪಿಸಿ, ಬೇಗ ಶಾಂತವಾಗುತ್ತದೆ, ಆ ಸ್ವರ ಯಾವುದೆಂಬುದನ್ನು ಕುಳಿಯ ದ್ರವ್ಯರಾಶಿ ಹೇಳುತ್ತದೆ ಎಂದು 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು.

ನಲವತ್ತೈದು ವರ್ಷಗಳ ನಂತರ, 2015ರ ಸೆಪ್ಟೆಂಬರ್ 14ರಂದು, ಅಮೆರಿಕದ ಎರಡು ಲೈಗೋ ವೀಕ್ಷಣಾಲಯಗಳಲ್ಲಿ ಅಂಥ ಒಂದು ಕಂಪನ ದಾಖಲಾಯಿತು. ಸೂರ್ಯನ ಸುಮಾರು 36 ಪಟ್ಟು ಮತ್ತು 29 ಪಟ್ಟು ದ್ರವ್ಯರಾಶಿಯ ಎರಡು ಕಪ್ಪುಕುಳಿಗಳು ಸುಮಾರು 130 ಕೋಟಿ ವರ್ಷಗಳ ಹಿಂದೆ ಒಂದಾಗಿದ್ದವು. ಮೂರು ಸೂರ್ಯರಷ್ಟು ದ್ರವ್ಯರಾಶಿ ಅಲೆಗಳ ಶಕ್ತಿಯಾಗಿ ಹೊರಟುಹೋಗಿತ್ತು. ಇಲ್ಲಿಗೆ ತಲಪುವಾಗ ಆ ಅಲೆ ಎಷ್ಟು ಕ್ಷೀಣವಾಗಿತ್ತೆಂದರೆ, 4 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಅದರಿಂದಾದ ವ್ಯತ್ಯಾಸ ಒಂದು ಪ್ರೋಟಾನಿನ ವ್ಯಾಸದ ನೂರನೇ ಒಂದು ಪಾಲಿಗಿಂತ ಕಡಿಮೆ. ಅಲೆಯ ಕೊನೆಯ ತುಣುಕಿನಲ್ಲಿ, ಹೊಸದಾಗಿ ಹುಟ್ಟಿದ ಕುಳಿ ಶಾಂತವಾಗುವ ಆ ಕಂಪನವೂ ಇತ್ತು. ಸುದ್ದಿ ಜಗತ್ತಿಗೆ ತಿಳಿದದ್ದು 2016ರ ಫೆಬ್ರವರಿಯಲ್ಲಿ. ವಿಶ್ವೇಶ್ವರ ಅದನ್ನು ಕೇಳಿದರು. ಮರುವರ್ಷದ ಜನವರಿಯಲ್ಲಿ ತೀರಿಕೊಂಡರು. ಆ ಕಪ್ಪುಕುಳಿಗಳು ಹುಟ್ಟಿದ್ದು ನಕ್ಷತ್ರಗಳ ವಸ್ತುವಿನಿಂದ ತಾನೇ ಎಂದು ಕೆಲವರು ಹೇಳಬಹುದು. ಹೌದು. ಆದರೆ ಅವು ಒಂದಾಗುವಾಗಿನ ಲೆಕ್ಕಕ್ಕೆ ವಸ್ತು ಬೇಕಾಗಲಿಲ್ಲ. ಬಾಗಿದ್ದು, ಡಿಕ್ಕಿಯಾದದ್ದು, ಕಂಪಿಸಿದ್ದು, ಶಕ್ತಿ ಹೊತ್ತು ಹೊರಟದ್ದು ಎಲ್ಲವೂ ಬರಿ ದೇಶ–ಕಾಲ.

ಹಾಗಾದರೆ ನ್ಯೂಟನ್ ಗೆದ್ದರೇ? ಅದೂ ಇಲ್ಲ. ನ್ಯೂಟನ್ನರ ಜಾಗ ಯಾರಿಗೂ ಜಗ್ಗುವುದಿಲ್ಲ, ಐನ್‌ಸ್ಟೈನರದು ಜಗ್ಗುತ್ತದೆ. ನಾವು ನಿಂತಿರುವ ಭೂಮಿಯೇ ತಿರುಗುತ್ತಾ ತನ್ನ ಸುತ್ತಲಿನ ದೇಶ–ಕಾಲವನ್ನು ಒಂದಿಷ್ಟು ತಿರುಚುತ್ತದೆ. 2004ರಲ್ಲಿ ಹಾರಿಸಿದ ಗ್ರಾವಿಟಿ ಪ್ರೋಬ್ ಬಿ ಉಪಗ್ರಹದಲ್ಲಿ ತಿರುಗುವ ನಾಲ್ಕು ಗೋಳಗಳನ್ನಿಟ್ಟು ಇದನ್ನು ಅಳೆದರು. ವರ್ಷಕ್ಕೆ 39 ಮಿಲಿ ಆರ್ಕ್‌ಸೆಕೆಂಡಿನಷ್ಟು ಓರೆಯಾಗಬೇಕೆಂದು ಸಿದ್ಧಾಂತ ಹೇಳಿತ್ತು. 2011ರಲ್ಲಿ ಪ್ರಕಟವಾದ ಅಳತೆ ಸುಮಾರು 37, ಆಚೀಚೆ 7. ಒಂದು ಡಿಗ್ರಿಯನ್ನು 36 ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮಿಲಿ ಆರ್ಕ್‌ಸೆಕೆಂಡ್. ಮಾಖ್ ಊಹಿಸಿದ ದಪ್ಪ ಗೋಡೆಯ ಬಕೆಟ್ ನಮ್ಮ ಕಾಲ ಕೆಳಗೇ ಇದೆ, ಅದರ ಕೈವಾಡ ಕಿಂಚಿತ್ತು ಅಷ್ಟೆ. ವಸ್ತುವಿಗೆ ಜಾಗವನ್ನು ತಿದ್ದುವ ಶಕ್ತಿಯಿದೆ, ಸೃಷ್ಟಿಸುವ ಪೂರ್ತಿ ಅಧಿಕಾರವಿಲ್ಲ.

ಲೈಬ್ನಿಟ್ಸ್ ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತಾರೆ. 1913ರಿಂದ ಎರಡು ವರ್ಷ ಐನ್‌ಸ್ಟೈನ್ ಒಂದು ತೊಡಕಿನಲ್ಲಿ ಸಿಕ್ಕಿಬಿದ್ದಿದ್ದರು. ವಸ್ತುವಿಲ್ಲದ ಒಂದು ಪ್ರದೇಶದಲ್ಲಿ ಗುರುತ್ವ ಕ್ಷೇತ್ರವನ್ನು ಒಂದು ಬಿಂದುವಿನಿಂದ ಇನ್ನೊಂದು ಬಿಂದುವಿಗೆ ಸರಿಸಿ ಹಾಸಿದರೂ ಸಮೀಕರಣ ತಕರಾರು ಮಾಡುವುದಿಲ್ಲ. ಹಾಗಾದರೆ ಯಾವ ಬಿಂದುವಿನಲ್ಲಿ ಕ್ಷೇತ್ರ ಎಷ್ಟಿದೆ ಎಂಬುದು ನಿಗದಿಯೇ ಆಗುವುದಿಲ್ಲವಲ್ಲ! 1915ರ ಕೊನೆಗೆ ಅವರಿಗೆ ಹೊಳೆದದ್ದು: ಕ್ಷೇತ್ರವನ್ನು ಬಿಟ್ಟು ಬಿಂದುಗಳಿಗೆ ತಮ್ಮದೇ ಆದ ಗುರುತೇ ಇಲ್ಲ. ಎರಡು ಕಣಗಳು ಎದುರಾದವು, ಬೆಳಕು ಬಂದು ತಾಗಿತು, ಇಂಥ ಭೇಟಿಗಳು ನಿಜ. ಯಾರೂ ಬರುವ ಮೊದಲೇ ಹಾಸಿಟ್ಟ ಬಿಂದುಗಳು ನಿಜವಲ್ಲ. ಬ್ರಹ್ಮಾಂಡವನ್ನು ಒಂದು ಗಜ ಸರಿಸುವ ಲೈಬ್ನಿಟ್ಸರ ವಾದ ಎರಡು ಶತಮಾನ ಕಳೆದು ಇಲ್ಲಿ ಗೆದ್ದಿತು. ಪ್ರದರ್ಶನದ ರಬ್ಬರ್ ಹಾಳೆ ತಪ್ಪು ಹೇಳುವುದೂ ಇಲ್ಲೇ. ಹಾಳೆಯ ರಬ್ಬರ್ ಬೇರೆ, ಅದರ ಬಾಗು ಬೇರೆ. ಬಾಗನ್ನು ತೆಗೆದರೂ ರಬ್ಬರ್ ಇರುತ್ತದೆ. ದೇಶ–ಕಾಲದಲ್ಲಿ ಅಂಥ ರಬ್ಬರ್ ಇಲ್ಲ. ದೂರ ಎಷ್ಟು, ಕಾಲ ಎಷ್ಟು ಎಂದು ನಿರ್ಧರಿಸುವ ಕ್ಷೇತ್ರವೇ ಗುರುತ್ವ ಕ್ಷೇತ್ರವೂ ಹೌದು. ಅದನ್ನು ತೆಗೆದರೆ ಚಪ್ಪಟೆ ಜಾಗ ಉಳಿಯುವುದಿಲ್ಲ, ಜಾಗವೇ ಉಳಿಯುವುದಿಲ್ಲ. ಚಪ್ಪಟೆ ಜಾಗವೂ ಆ ಕ್ಷೇತ್ರದ ಒಂದು ಸ್ಥಿತಿಯೇ.

ಆದ್ದರಿಂದ ಆ ವಿದ್ಯಾರ್ಥಿನಿಗೆ ಕೊಡಬೇಕಾದ ಉತ್ತರ ಇದು: ಗುಂಡು ಎತ್ತಿಕೊಂಡರೂ ಜಾಗ ಇರಬಲ್ಲದು, ಆದರೆ ಹಾಳೆಯಂತೆ ಅಲ್ಲ. ವಸ್ತುವಿನ ಹಂಗು ಅದಕ್ಕಿಲ್ಲ, ಕ್ಷೇತ್ರದ ಹಂಗು ಇದೆ. ಗುರುತ್ವ ಕ್ಷೇತ್ರವನ್ನೇ ವಸ್ತುವಿನ ಸಾಲಿಗೆ ಸೇರಿಸಿಬಿಟ್ಟರೆ 1921ರ ಉತ್ತರವೂ ಸರಿಯಾಗುತ್ತದಲ್ಲ ಎನ್ನುವ ವಿದ್ವಾಂಸರಿದ್ದಾರೆ. ಮೂರು ಸೂರ್ಯರಷ್ಟು ಶಕ್ತಿಯನ್ನು ಹೊತ್ತೊಯ್ಯುವುದನ್ನು ಬರೀ ಜಾಗ ಎಂದು ಕರೆಯಲು ನನಗೂ ನಾಲಿಗೆ ತಡೆಯುತ್ತದೆ. ಆದರೂ ಹಾಗೆ ಸೇರಿಸುವುದು ಪ್ರಶ್ನೆಗೆ ಉತ್ತರ ಕೊಟ್ಟಂತಲ್ಲ, ಪ್ರಶ್ನೆಯನ್ನೇ ಬದಲಿಸಿದಂತೆ. ಕೇಳುವವರ ಮನಸ್ಸಿನಲ್ಲಿರುವುದು ನಕ್ಷತ್ರ, ಧೂಳು, ಬೆಳಕು. ಅವು ಯಾವುವೂ ಇಲ್ಲದೆಯೂ ದೇಶ–ಕಾಲ ಇರಬಹುದೆಂದು ಸಮೀಕರಣ ಹೇಳುತ್ತದೆ.

ಇನ್ನೂ ಮುಂದಕ್ಕೆ ಹೋಗಬೇಕೆನ್ನುವವರಿಗೆ ಒಂದು ಸಲಹೆ. ಸಾಪೇಕ್ಷತೆಯನ್ನು ಸಾಮಾನ್ಯ ಓದುಗರಿಗಾಗಿ ವಿವರಿಸಿ ಐನ್‌ಸ್ಟೈನ್ ಬರೆದ ಪುಟ್ಟ ಪುಸ್ತಕ ಇಂದಿಗೂ ಅಂಗಡಿಗಳಲ್ಲಿ ಸಿಗುತ್ತದೆ. 1952ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅವರು ಅದಕ್ಕೆ ಐದನೆಯ ಅನುಬಂಧವನ್ನು ಸೇರಿಸಿದರು. ವಿಷಯ ಇದೇ, ಜಾಗದ ಸಮಸ್ಯೆ. ಪತ್ರಕರ್ತರಿಗೆ ಉತ್ತರ ಕೊಟ್ಟ ಐನ್‌ಸ್ಟೈನ್ ಅಲ್ಲಿ ಸಿಗುವುದಿಲ್ಲ. ಕ್ಷೇತ್ರವಿಲ್ಲದ ಜಾಗವಿಲ್ಲ ಎನ್ನುವ ಐನ್‌ಸ್ಟೈನ್ ಸಿಗುತ್ತಾರೆ. ಸಮೀಕರಣಗಳು ಬೆರಳೆಣಿಕೆಯಷ್ಟು, ಉಳಿದದ್ದೆಲ್ಲ ಮಾತು. ಕೊಳ್ಳುವಾಗ ಆ ಅನುಬಂಧ ಇರುವ ಆವೃತ್ತಿಯನ್ನೇ ನೋಡಿ ಕೊಳ್ಳಿ. ಹಳೆಯ ಆವೃತ್ತಿಗಳ ಮರುಮುದ್ರಣಗಳಲ್ಲಿ ಅದು ಇರುವುದಿಲ್ಲ.